ಎಲ್ಲ ಗೆಡ್ಡೆಯೂ ಆಲೂಗಡ್ಡೆಯಲ್ಲ

ನಾನು ತುಮಕೂರು ಕಡೆಯವನು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಪಾಠ ಹೇಳುತ್ತಾ 11 ವರ್ಷವಾಯಿತು. ಇಲ್ಲಿ ನಾನು ಕಲಿತದ್ದರಲ್ಲಿ ಗೆಡ್ಡೆ ಅಡುಗೆ ಒಂದು. ಜೆರುಸಲೇಂ ಆರ್ಟಿಚೋಕ್ ಎಂಬ ಪರದೇಶಿ ಗೆಡ್ಡೆಯನ್ನೂ ಇಲ್ಲಿಯ ಕ್ರಮದಲ್ಲೇ ಬೇಯಿಸಿದ ಕಥೆ ಇದು.

ನಮ್ಮ ಕಡೆ ಗೆಡ್ಡೆ ಅಂದರೆ ಆಲೂಗಡ್ಡೆ. ಸುಲಿ, ಹೆಚ್ಚು, ಒಗ್ಗರಣೆಗೆ ಹಾಕು, ಮುಗೀತು. ಸಂಕ್ರಾಂತಿಗೆ ಅವರೆಕಾಯಿ ಜೊತೆ ಗೆಣಸು ಬೇಯಿಸುತ್ತೇವೆ, ಅಷ್ಟೇ. ಬೇರೆ ಯಾವ ಗೆಡ್ಡೆ ಸಿಕ್ಕಿದರೂ ಅದನ್ನೂ ಆಲೂಗಡ್ಡೆ ಥರವೇ ಮಾಡಲು ಹೋಗುತ್ತೇವೆ, ಸರಿಬರದಿದ್ದರೆ ಗೆಡ್ಡೆಯನ್ನು ಬಯ್ಯುತ್ತೇವೆ. ಇಲ್ಲಿಯವರು ಹಾಗಲ್ಲ. ಗೆಡ್ಡೆಯ ಗುಣ ನೋಡಿ ಅಡುಗೆ ಬದಲಿಸುತ್ತಾರೆ. ಕೆಸುವಿನ ಗೆಡ್ಡೆಗೆ, ಸುವರ್ಣಗೆಡ್ಡೆಗೆ ಹುಳಿ ಬೀಳಲೇಬೇಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಸಾಂಬ್ರಾಣಿ ಗೆಡ್ಡೆಯ ಸಿಪ್ಪೆ ತೆಗೆಯಲು ಬೇರೆಯೇ ಕ್ರಮ. ಮಲಯಾಳಿಗಳು ಅದನ್ನು ಕೂರ್ಕ ಅನ್ನುತ್ತಾರೆ. ದೊಡ್ಡಪತ್ರೆ, ತುಳಸಿಯ ಕುಟುಂಬದ ಗಿಡ. ಗೆಡ್ಡೆ ಹೆಬ್ಬೆರಳ ತುದಿಯಷ್ಟು. ಒಂದೊಂದನ್ನೇ ಚಾಕುವಿನಲ್ಲಿ ಕೆರೆಯಲು ಕೂತರೆ ಕೈಯೆಲ್ಲ ಕಪ್ಪಾಗುತ್ತದೆ, ಒಂದು ಗಂಟೆ ಹೋಗುತ್ತದೆ. ನಾನು ಮೊದಲ ವರ್ಷ ಹಾಗೇ ಮಾಡಿ ಬೇಡವೆಂದು ಬಿಟ್ಟಿದ್ದೆ. ಆಮೇಲೆ ಪಕ್ಕದ ಮನೆಯ ಚೇಚಿ ತೋರಿಸಿದರು. ಗೆಡ್ಡೆಯನ್ನು ನೀರಲ್ಲಿ ನೆನೆಸಿ, ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಡಿಯುವುದು. ಗೋಣಿಯ ನೂಲಿಗೆ ಉಜ್ಜಿ ಸಿಪ್ಪೆ ಮುಕ್ಕಾಲು ಪಾಲು ತಾನಾಗಿಯೇ ಹೋಗುತ್ತದೆ!

ಈಗ ಜೆರುಸಲೇಂ ಆರ್ಟಿಚೋಕ್ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಮೇ ರಜೆಯಲ್ಲಿ ಬಂದ ನನ್ನ ತಮ್ಮ ಬೆಂಗಳೂರಿನ ಅಂಗಡಿಯಿಂದ ಒಂದು ಕಿಲೋ ತಂದಿದ್ದ. ನೋಡಲು ಶುಂಠಿಯ ಹಾಗೆ ಗಂಟುಗಂಟು. ಜೆರುಸಲೇಂ ಊರಿಗೂ ಇದಕ್ಕೂ ಸಂಬಂಧವಿಲ್ಲ. ಉತ್ತರ ಅಮೆರಿಕದ ಗಿಡ, ಸೂರ್ಯಕಾಂತಿಯ ದಾಯಾದಿ. ಅಲ್ಲಿಯ ಮೂಲನಿವಾಸಿಗಳು ಬೆಳೆಯುತ್ತಿದ್ದದ್ದನ್ನು ಫ್ರಾನ್ಸಿನ ಅನ್ವೇಷಕ ಶಾಂಪ್ಲೇನ್ 1605ರಲ್ಲಿ ನೋಡಿ ರುಚಿ ಆರ್ಟಿಚೋಕ್ ಎಂಬ ಯೂರೋಪಿನ ತರಕಾರಿಯಂತಿದೆ ಅಂತ ಬರೆದ.

ಅರ್ಧ ಕಿಲೋವನ್ನು ಆಲೂಗಡ್ಡೆ ಥರ ಹುರಿದೆವು. ರುಚಿ ಚೆನ್ನಾಗಿತ್ತು, ಸ್ವಲ್ಪ ಸಿಹಿ. ಆದರೆ ರಾತ್ರಿಯಿಡೀ ಮನೆಮಂದಿಗೆಲ್ಲ ಹೊಟ್ಟೆ ಉಬ್ಬರ, ಮಗಳು ನಿದ್ದೆಯನ್ನೇ ಮಾಡಲಿಲ್ಲ. ಕಾರಣ ಇಷ್ಟೇ, ಇದರಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಅದರ ಜಾಗದಲ್ಲಿ ಇನುಲಿನ್ ಎಂಬ ನಾರಿನಂಶ ಇದೆ. ಅದು ನಮಗೆ ಜೀರ್ಣವಾಗುವುದಿಲ್ಲ, ದೊಡ್ಡ ಕರುಳಿಗೆ ಹೋಗಿ ಅಲ್ಲಿ ಹುಳಿಯುತ್ತದೆ, ವಾಯು ಆಗುತ್ತದೆ.

ಮಾರನೇ ದಿನ ಎದುರು ಮನೆಯ ಹವ್ಯಕ ಅಕ್ಕ ಗೆಡ್ಡೆಯನ್ನು ಉಗುರಿನಲ್ಲಿ ಕೆರೆದು, ಒಂದು ಚೂರು ಹಸಿಯಾಗಿಯೇ ಬಾಯಿಗೆ ಹಾಕಿಕೊಂಡು ಹೇಳಿದರು: "ಇದು ವಾಯುವಿನದ್ದು ಮಾಷ್ಟ್ರೆ. ಇದಕ್ಕೆ ಹುಳಿ ಬೇಕು. ಸಾಂಬ್ರಾಣಿಯ ಹಾಗೆ ಬೋಳುಹುಳಿ ಮಾಡಿ ನೋಡಿ." ಬೋಳುಹುಳಿ ಅಂದರೆ ತೆಂಗಿನಕಾಯಿ ಅರೆದು ಹಾಕದ ಹುಳಿ.

ಅವರು ಅದುವರೆಗೆ ಆ ಗೆಡ್ಡೆಯ ಹೆಸರನ್ನೇ ಕೇಳಿರಲಿಲ್ಲ. ಆದರೂ ಹೇಳಿದ್ದು ಸರಿ. ಹುಳಿಯಲ್ಲಿ ಬೇಯಿಸಿದರೆ ಇನುಲಿನ್ ಒಂದಷ್ಟು ಒಡೆದು ಹಣ್ಣಿನ ಸಕ್ಕರೆಯಾಗುತ್ತದೆ. ಅಮೆರಿಕ, ಯೂರೋಪಿನವರು ನಿಂಬೆರಸ ಹಾಕಿ ಬೇಯಿಸುವುದಕ್ಕೂ ಇದೂ ಒಂದು ಕಾರಣ.

ಬೆಳೆಸುವುದರಲ್ಲೂ ಇಲ್ಲಿಯವರ ಮಾತು ಕೇಳದೆ ಕೆಟ್ಟೆ. ಜೂನ್ ಮಳೆಗೆ ನೆಟ್ಟಿದ್ದು ಒಂದೂ ಬರಲಿಲ್ಲ, ನೆಲದಲ್ಲೇ ಕೊಳೆತವು. ಕಾಸರಗೋಡಿನ ಮಳೆಗೂ ತುಮಕೂರಿನ ಮಳೆಗೂ ಹೋಲಿಕೆಯೇ ಇಲ್ಲ, ಅಲ್ವಾ? ಉಳಿದ ನಾಲ್ಕೈದು ಗೆಡ್ಡೆ ಫ್ರಿಜ್ಜಿನಲ್ಲಿ ಒದ್ದೆ ಮರಳಿನ ಡಬ್ಬದಲ್ಲಿದ್ದವು. ಸಿಪ್ಪೆ ತೆಳು, ಸುಮ್ನೆ ಹೊರಗಿಟ್ಟರೆ ನಾಲ್ಕೇ ದಿನಕ್ಕೆ ಸುರುಟುತ್ತವೆ. ಅವನ್ನು ಅಕ್ಟೋಬರಿನಲ್ಲಿ, ಮಳೆ ಇಳಿದ ಮೇಲೆ, ಒಂದೊಂದು ಕಣ್ಣಿರುವಂತೆ ತುಂಡು ಮಾಡಿ, ಮರಳು, ಸೆಗಣಿ ಗೊಬ್ಬರ, ಕೆಂಪು ಮಣ್ಣು ತುಂಬಿದ ಚೀಲಗಳಲ್ಲಿ ನಾಲ್ಕು ಬೆರಳು ಆಳಕ್ಕೆ ಇಟ್ಟೆ. ತಣ್ಣಗಿನ ದೇಶದಲ್ಲಿ 2ರಿಂದ 3 ಮೀಟರ್ ಬೆಳೆಯುವ ಗಿಡ ಇಲ್ಲಿ ನನ್ನ ಎದೆಯ ಎತ್ತರಕ್ಕೆ ನಿಂತಿತು. ಹಗಲು ಚಿಕ್ಕದಾದಾಗ ಗೆಡ್ಡೆ ಕಟ್ಟುವ ಜಾತಿ ಇದು, ಬೆಳೆಯಲು ಹೊತ್ತು ಸಿಗದೆ ಬೇಗ ಹೂ ಬಿಟ್ಟಿತು. ಅಂಗೈಯೊಳಗೆ ಹಿಡಿಯುವ ಪುಟ್ಟ ಹಳದಿ ಸೂರ್ಯಕಾಂತಿ ಹೂಗಳು. ಫೆಬ್ರವರಿಯಲ್ಲಿ ಕಾಂಡ ಒಣಗಿದ ಮೇಲೆ ಚೀಲ ಬೋರಲು ಹಾಕಿದೆ. 6 ಗಿಡಕ್ಕೆ ಒಂದೂಕಾಲು ಕಿಲೋ ಗೆಡ್ಡೆ.

ಅಡುಗೆ ಹೀಗೆ ಮಾಡಿದೆವು. ಸಿಪ್ಪೆ ತೆಗೆಯಬೇಕಿಲ್ಲ. ಕೂರ್ಕದ ಹಾಗೆ ಬಡಿದರೆ ಇದು ಪಟಪಟ ಮುರಿಯುತ್ತದೆ, ಆದ್ದರಿಂದ ತೆಂಗಿನ ನಾರಿನಲ್ಲಿ ಗಂಟುಗಳ ಸಂದಿಯ ಮಣ್ಣು ಉಜ್ಜಿ ತೊಳೆಯಿರಿ. ಹೆಚ್ಚಿದ ಕೂಡಲೇ ನೀರಿಗೆ ಹಾಕಿ, ಇಲ್ಲದಿದ್ದರೆ ಬಣ್ಣ ಕೆಡುತ್ತದೆ. ಹುಣಸೆ ನೀರಿಗೆ ಉಪ್ಪು, ಅರಿಸಿನ, ಸೀಳಿದ ಹಸಿಮೆಣಸು, ಚಿಟಿಕೆ ಬೆಲ್ಲ ಹಾಕಿ ಅದರಲ್ಲೇ ಬೇಯಿಸಿ. ಹುಳಿಯಲ್ಲಿ ಬೇಯಲು ಜಾಸ್ತಿ ಹೊತ್ತು ಬೇಕು, ಅವಸರ ಮಾಡಬೇಡಿ. ಕೊನೆಗೆ ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಗೆ ಹುರಿದು ಒಗ್ಗರಣೆ. ಕುಚ್ಚಲಕ್ಕಿ ಅನ್ನಕ್ಕೆ ಕಲಸಿ ತಿಂದರೆ ಬೇರೆ ಪಲ್ಯ ಬೇಕಿಲ್ಲ. ಆದರೆ ಮೊದಲ ಸಲ ಮೂರು ನಾಲ್ಕು ಹೋಳು ಸಾಕು. ಸಕ್ಕರೆ ಕಾಯಿಲೆಗೆ ಔಷಧಿ ಅಂತ ಯಾರಾದರೂ ಹೇಳಿದರೆ ತಟ್ಟೆ ತುಂಬಾ ತಿನ್ನಲು ಹೋಗಬೇಡಿ.

ಊರಿಗೆ ಹೋದಾಗ ಅಮ್ಮನಿಗೂ ಇದೇ ಮಾಡಿಕೊಟ್ಟೆ. ಅಮ್ಮ ಎರಡನೇ ಸಲ ಹಾಕಿಸಿಕೊಂಡರು, ಹೊಟ್ಟೆಗೆ ಏನೂ ಆಗಲಿಲ್ಲ. ತುಮಕೂರಿನ ಹದ ಮಳೆಗೆ ಇದು ಇಲ್ಲಿಗಿಂತ ಚೆನ್ನಾಗಿ ಬಂದೀತು ಅಂತ ನನ್ನ ನಂಬಿಕೆ, ಅದಕ್ಕೇ 8 ಗೆಡ್ಡೆ ಹಿತ್ತಲಲ್ಲಿ ನೆಡಲು ಬಿಟ್ಟುಬಂದಿದ್ದೇನೆ. ಬೇಲಿಯ ಮೂಲೆಯಲ್ಲೇ ನೆಡಿ ಅಂತ ಹೇಳಿದೆ. ಅಗೆಯುವಾಗ ಒಂದು ಚೂರು ಉಳಿದರೂ ಮುಂದಿನ ವರ್ಷ ಮತ್ತೆ ಚಿಗುರುತ್ತದೆ.