ಹಳೇ ಆಟಿಕೆ ಕೊಟ್ಟರೆ ಮರ್ಯಾದೆ ಯಾಕೆ ಹೋಗಬೇಕು?

ಎರಡು ವರ್ಷದ ಮಗುವಿನ ಬರ್ತ್‌ಡೇಗೆ ಬಳಸಿದ ಆಟಿಕೆ ಕೊಟ್ಟರೆ ನಮ್ಮ ಜನ ಮುಖ ಸಿಂಡರಿಸುತ್ತಾರೆ. ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅಕ್ಕನ ಮಗನ ಹಳೇ ಅಂಗಿಯನ್ನು ತಮ್ಮನ ಮಗನಿಗೆ ಹಾಕುವಾಗ, ಒಂದೇ ತೊಟ್ಟಿಲು ನೆಂಟರ ಮನೆಯೆಲ್ಲ ಸುತ್ತುವಾಗ ಯಾರಿಗೂ ಬೇಜಾರಿಲ್ಲ, ಅದೇ ಚನ್ನಪಟ್ಟಣದ ಮರದ ಗಾಡಿಯನ್ನು ಚೆನ್ನಾಗಿ ಒರೆಸಿ ಕೊಟ್ಟರೆ ಮಾತ್ರ "ಹೊಸದು ತರೋಕೆ ಆಗಲಿಲ್ವಾ" ಅಂತ ಬೆನ್ನ ಹಿಂದೆ ಪಿಸುಪಿಸು. ಹಾಲೆ ಮರದಲ್ಲಿ ಕಡೆದು, ಅದು ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ, ಕೇದಗೆ ಗರಿಯಿಂದ ಹೊಳಪು ಕೊಟ್ಟ ಆಟಿಕೆ ಅದು. ಒಂದು ಮಗು ಆಡಿದ ಮಾತ್ರಕ್ಕೆ ಅದಕ್ಕೇನಾಗುತ್ತದೆ? ಎರಡೇ ದಿನಕ್ಕೆ ಮುರಿಯುವ ಹೊಸ ಪ್ಲಾಸ್ಟಿಕ್ ಹೆಲಿಕಾಪ್ಟರ್‌ಗಿಂತ ಅದು ಎಷ್ಟೋ ವಾಸಿ, ಅಲ್ವಾ?

ಮಗುವಿಗಂತೂ ಹೊಸದು ಹಳೇದು ಗೊತ್ತೇ ಆಗುವುದಿಲ್ಲ. ನಾಚಿಕೆಯೆಲ್ಲ ದೊಡ್ಡವರದ್ದು.

ಹಾಗಂತ ಮನೆ ಖಾಲಿ ಮಾಡಲು ಸುಮ್ನೆ ಕೊಡುವವರೂ ಇದ್ದಾರೆ. ಅವರ ಮೇಲೆ ಇನ್ನೂ ಜಾಸ್ತಿ ಕೋಪ. ಚಕ್ರ ಇಲ್ಲದ ಕಾರು, ಅರ್ಧ ಮಾತ್ರ ಉಳಿದ ಪಜಲ್, ಬ್ಯಾಟರಿ ಮುಚ್ಚಳ ಕಳೆದುಹೋದ ಹಾಡುವ ಗೊಂಬೆ! ಅದರೊಳಗಿನ ಬಟನ್ ಸೆಲ್ (ಅಂಗಿ ಗುಂಡಿಯಂಥ ಚಿಕ್ಕ ಬ್ಯಾಟರಿ) ನುಂಗಿ ಅದು ಗಂಟಲಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು, ಮಗುವಿನ ಜೀವಕ್ಕೇ ಅಪಾಯ. ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಆ ಗೊಂಬೆಯನ್ನು ಯಾರಿಗೂ ಕೊಡಬೇಡಿ. ಬಣ್ಣ ಕಿತ್ತು ಬರುವ ಹಳೇ ಪ್ಲಾಸ್ಟಿಕ್ಕೂ ಬೇಡ, ನಮ್ಮಲ್ಲಿ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಗಿದ್ದೇ 2021ರ ಜನವರಿಯಿಂದ. ತೊಳೆಯಿರಿ, ಎಲ್ಲ ಭಾಗವೂ ಇದೆಯಾ ನೋಡಿ, ಬಳಸಿದ್ದು ಅಂತ ಅಪ್ಪ ಅಮ್ಮನಿಗೆ ನೇರವಾಗಿ ಹೇಳಿಯೇ ಕೊಡಿ. ತೆಗೆದುಕೊಳ್ಳುವವರು ದಯವಿಟ್ಟು ಬೆಲೆ ಚೀಟಿ ಹುಡುಕಬೇಡಿ.