ಜಾಕ್ಸನ್ನಿನ ಬಂದೂಕು, ಗೈನ್ಸ್ ಬೀದಿಯ ಗೋಡೆ

ಸರ್ಕಾರವೊಂದು ತನ್ನ ಚರಿತ್ರೆಯನ್ನು ತಾನೇ ಹೇಳಿಕೊಳ್ಳಲು ಕಟ್ಟಿಸಿದ ವಸ್ತುಸಂಗ್ರಹಾಲಯವನ್ನು ನಾನು ಸ್ವಲ್ಪ ಅನುಮಾನದಿಂದಲೇ ಹೊಗುತ್ತೇನೆ. ರಾಜರ ಕತ್ತಿ, ರಾಣಿಯರ ಪಲ್ಲಕ್ಕಿ, ಮೊದಲ ರೈಲು, ಮೊದಲ ವಿದ್ಯುದ್ದೀಪ, ಕೊನೆಗೆ ಯಾರೋ ಗಣ್ಯರು ಟೇಪು ಕತ್ತರಿಸುತ್ತಿರುವ ಫೋಟೋ. ಈ ಕ್ರಮ ದೇಶ ಬದಲಾದರೂ ಹೆಚ್ಚು ಬದಲಾಗುವುದಿಲ್ಲ. ಡಲ್ಲಾಸಿನ ಮಗಳ ಮನೆಯಿಂದ ನ್ಯೂ ಆರ್ಲಿಯನ್ಸ್ ಕಡೆಗೆ ಹೊರಟವರು ಸ್ವಲ್ಪ ಬಳಸಿ ಮಿಸಿಸಿಪ್ಪಿಯ ರಾಜಧಾನಿ ಜಾಕ್ಸನ್ನಿಗೆ ಹೋದಾಗಲೂ ನನ್ನ ನಿರೀಕ್ಷೆ ಇಷ್ಟೇ ಇತ್ತು. ಆದರೆ ಅಲ್ಲಿ ಕಂಡದ್ದು, ಒಂದು ರಾಜ್ಯ ತನ್ನ ವಿರುದ್ಧದ ಸಾಕ್ಷ್ಯವನ್ನು ತಾನೇ ಕೂಡಿಟ್ಟು, ದೀಪ ಹಾಕಿ, ಶಾಲಾಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ತೋರಿಸುವ ಜಾಗ. ಅದರಷ್ಟೇ ಮುಖ್ಯವಾಗಿ ನನಗೆ ಮನವರಿಕೆಯಾದದ್ದು, ಆ ಸಾಕ್ಷ್ಯ ಅದೇ ಊರಿನ ಒಂದು ಸಾಧಾರಣ ಮನೆಯನ್ನು ನೋಡದೆ ಪೂರ್ತಿಯಾಗುವುದಿಲ್ಲ ಎಂಬುದು.

ಮಿಸಿಸಿಪ್ಪಿ ಅಮೆರಿಕದ ಒಕ್ಕೂಟಕ್ಕೆ ಸೇರಿದ್ದು 1817ರ ಡಿಸೆಂಬರ್ 10ರಂದು. ಇನ್ನೂರು ವರ್ಷ ತುಂಬುವ ಮುನ್ನಾದಿನ, 2017ರ ಡಿಸೆಂಬರ್ 9ರಂದು, ಬಹುಪಾಲು ರಾಜ್ಯ ಸರ್ಕಾರದ ಹಣದಿಂದಲೇ ಕಟ್ಟಿದ ಎರಡು ವಸ್ತುಸಂಗ್ರಹಾಲಯಗಳು ಒಂದೇ ಸೂರಿನಡಿ ತೆರೆದವು. ಒಂದು ಮಿಸಿಸಿಪ್ಪಿಯ ಚರಿತ್ರೆಯದು, ಇನ್ನೊಂದು ನಾಗರಿಕ ಹಕ್ಕುಗಳ ಹೋರಾಟದ್ದು. ಒಳಗೆ ಕಾಲಿಟ್ಟರೆ ವಿಶಾಲವಾದ ಒಂದು ಹಜಾರ, ಅದರ ಒಂದು ಕಡೆ ಒಂದು ಬಾಗಿಲು, ಇನ್ನೊಂದು ಕಡೆ ಇನ್ನೊಂದು. ಈ ವಿಂಗಡಣೆ ನನಗೆ ಒಪ್ಪಿಗೆಯಾಗಲಿಲ್ಲ. ಚಾಕ್ಟಾ ಬುಡಕಟ್ಟಿನವರ ನೆಲ 1830ರ ಒಪ್ಪಂದದಲ್ಲಿ ಕೈತಪ್ಪಿದ್ದು, ಹತ್ತಿಯ ತೋಟಗಳು, ಅಂತರ್ಯುದ್ಧ, 1927ರ ಮಹಾಪ್ರವಾಹ, ಬ್ಲೂಸ್ ಸಂಗೀತ ಇವೆಲ್ಲ ‘ಚರಿತ್ರೆ’ಯ ಬಾಗಿಲಿನ ಹಿಂದೆ ಬರುತ್ತವೆ; ಕಪ್ಪು ಜನರು ಮತದಾನದ ಹಕ್ಕಿಗಾಗಿ ಪ್ರಾಣ ಕೊಟ್ಟದ್ದು ಮಾತ್ರ ಬೇರೊಂದು ಬಾಗಿಲಿನ ಹಿಂದೆ. 1860ರ ಜನಗಣತಿಯ ಪ್ರಕಾರ ಈ ರಾಜ್ಯದ 7,91,305 ಜನರಲ್ಲಿ 4,36,631 ಮಂದಿ ಗುಲಾಮರು. ಅರ್ಧಕ್ಕಿಂತ ಹೆಚ್ಚು ಜನರ ಕಥೆ ಪಕ್ಕದ ಕಟ್ಟಡದ ಕಥೆಯಾಗುವುದು ಹೇಗೆ? ಗುಲಾಮಗಿರಿಯನ್ನು ಮೊದಲ ಭಾಗದಲ್ಲಿ ಮರೆಮಾಚಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಅರ್ಧ ದಿನವಷ್ಟೇ ಕೈಯಲ್ಲಿರುವ ಪ್ರವಾಸಿಗೆ ತನಗೆ ಹಿತವೆನಿಸಿದ ಬಾಗಿಲನ್ನು ಮಾತ್ರ ಆರಿಸಿಕೊಳ್ಳುವ ಸೌಲಭ್ಯವನ್ನು ಈ ಕಟ್ಟಡ ಒದಗಿಸಿಕೊಟ್ಟಿದೆ.

ಎರಡನೆಯ ಬಾಗಿಲಿನ ಹಿಂದಿರುವ ಕೋಣೆಗಳು ಉದ್ದೇಶಪೂರ್ವಕವಾಗಿ ಇಕ್ಕಟ್ಟಾಗಿವೆ. ಗುಂಪುಗೂಡಿದ ಬಿಳಿಯರು ವಿಚಾರಣೆಯಿಲ್ಲದೆ ಕೊಂದವರ ಹೆಸರುಗಳನ್ನು ಎತ್ತರದ ಫಲಕಗಳ ಮೇಲೆ ಕೊರೆದಿದ್ದಾರೆ. ಈ ಒಂದು ರಾಜ್ಯದಲ್ಲೇ ಅವು 600ಕ್ಕೂ ಹೆಚ್ಚು. ಮುಂದೆ ಹೋದರೆ, ಮನಿ ಎಂಬ ಹಳ್ಳಿಯ ಒಂದು ದಿನಸಿ ಅಂಗಡಿಯ ಬಾಗಿಲುಗಳನ್ನೇ ತಂದು ನಿಲ್ಲಿಸಿದ್ದಾರೆ. 1955ರಲ್ಲಿ ಷಿಕಾಗೋದಿಂದ ಬಂಧುಗಳ ಮನೆಗೆ ಬಂದಿದ್ದ 14 ವರ್ಷದ ಹುಡುಗ ಎಮೆಟ್ ಟಿಲ್ ಆ ಅಂಗಡಿಗೆ ಹೋಗಿ, ಅಲ್ಲಿದ್ದ ಬಿಳಿಯ ಹೆಂಗಸಿನೊಡನೆ ಸಲಿಗೆಯಿಂದ ನಡೆದುಕೊಂಡನೆಂಬ ಆಪಾದನೆಗೆ ಗುರಿಯಾಗಿ ಕೊಲೆಯಾದ. ಬಿಳಿಯರಷ್ಟೇ ಇದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಈ ಕತ್ತಲ ಕೋಣೆಗಳೆಲ್ಲ ಸುತ್ತುವರಿದಿರುವ ನಡುಮನೆಯಲ್ಲಿ ಒಂದು ಬೆಳಕಿನ ಶಿಲ್ಪವಿದೆ, ಜನ ಸೇರಿದಷ್ಟೂ ಅದರ ಬೆಳಕು ಹೆಚ್ಚುತ್ತದೆ. ನೋಡಲು ಚೆನ್ನಾಗಿದೆ, ನನಗೆ ಅದು ಸ್ವಲ್ಪ ಸುಲಭದ ಸಮಾಧಾನವೆನಿಸಿತು.

ನಾನು ಬಹಳ ಹೊತ್ತು ನಿಂತದ್ದು ಒಂದು ಬಂದೂಕಿನ ಮುಂದೆ. ಮೊದಲ ಮಹಾಯುದ್ಧದ ಕಾಲದ ಎನ್‌ಫೀಲ್ಡ್ ರೈಫಲ್ ಅದು. 1963ರ ಜೂನ್ 12ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಮೆಡ್ಗರ್ ಎವರ್ಸ್ ಎಂಬ 37 ವರ್ಷದ ವ್ಯಕ್ತಿಯನ್ನು ಬೆನ್ನ ಹಿಂದಿನಿಂದ ಕೊಂದದ್ದು ಇದರಿಂದಲೇ. ಎವರ್ಸ್ ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ನೆಲದಲ್ಲಿ ಅಮೆರಿಕದ ಸೈನಿಕನಾಗಿದ್ದವರು. ಹಿಂದಿರುಗಿ ಕಾಲೇಜು ಓದಿ, ವಿಮೆ ಮಾರುತ್ತ ಡೆಲ್ಟಾ ಪ್ರದೇಶದ ಗೇಣಿದಾರರ ಬಡತನವನ್ನು ಮನೆಮನೆಯಲ್ಲಿ ಕಂಡವರು. 1954ರಲ್ಲಿ ರಾಜ್ಯದ ವಿಶ್ವವಿದ್ಯಾಲಯದ ಕಾನೂನು ವಿಭಾಗಕ್ಕೆ ಅರ್ಜಿ ಹಾಕಿದಾಗ ಅದು ತಿರಸ್ಕೃತವಾಯಿತು. ಅದೇ ವರ್ಷದ ಕೊನೆಗೆ ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ಮಿಸಿಸಿಪ್ಪಿ ಶಾಖೆಗಳ ಕಾರ್ಯದರ್ಶಿಯಾದರು. ಟಿಲ್ ಪ್ರಕರಣದಲ್ಲಿ ಹತ್ತಿ ಕೂಲಿಯವರಂತೆ ವೇಷ ಹಾಕಿಕೊಂಡು ಸಾಕ್ಷಿಗಳನ್ನು ಹುಡುಕಿದವರಲ್ಲಿ ಇವರೂ ಒಬ್ಬರು.

ಬಂದೂಕಿನ ಕಥೆ ಅಲ್ಲಿಂದಾಚೆಗೂ ಸಾಗುತ್ತದೆ. ಎವರ್ಸ್ ಮನೆಯೆದುರಿನ ಪೊದೆಯಲ್ಲಿ ಅದು ಸಿಕ್ಕಿತು. ಅದರ ದೂರದರ್ಶಕದ ಮೇಲೆ ಬೈರನ್ ಡಿ ಲಾ ಬೆಕ್‌ವಿತ್ ಎಂಬವನ ಬೆರಳಚ್ಚು ಇತ್ತು. 1964ರಲ್ಲಿ ಎರಡು ಬಾರಿ ವಿಚಾರಣೆ ನಡೆದು, ಬಿಳಿಯ ಗಂಡಸರಷ್ಟೇ ಇದ್ದ ಜ್ಯೂರಿ ಎರಡು ಬಾರಿಯೂ ಒಮ್ಮತಕ್ಕೆ ಬರಲಿಲ್ಲ. ಎವರ್ಸ್ ಪತ್ನಿ ಮರ್ಲಿ ಸಾಕ್ಷಿ ಹೇಳುತ್ತಿದ್ದ ಹೊತ್ತಿನಲ್ಲಿ ಮಾಜಿ ಗವರ್ನರ್ ರಾಸ್ ಬಾರ್ನೆಟ್ ನ್ಯಾಯಾಲಯಕ್ಕೆ ಬಂದು ಆರೋಪಿಯ ಕೈಕುಲುಕಿದರು. ಇದರ ಹಿಂದೆ ಇನ್ನೂ ದೊಡ್ಡದೊಂದು ವ್ಯವಸ್ಥೆಯಿತ್ತು. ಜನಾಂಗ ಪ್ರತ್ಯೇಕತೆಯನ್ನು ಕಾಪಾಡಲೆಂದೇ 1956ರಲ್ಲಿ ರಾಜ್ಯ ಸರ್ಕಾರ ಒಂದು ‘ಸಾರ್ವಭೌಮತ್ವ ಆಯೋಗ’ ಸ್ಥಾಪಿಸಿ, ತೆರಿಗೆಯ ಹಣದಿಂದ ತನ್ನದೇ ಪ್ರಜೆಗಳ ಮೇಲೆ ಬೇಹುಗಾರಿಕೆ ನಡೆಸುತ್ತಿತ್ತು. ಎರಡನೆಯ ವಿಚಾರಣೆಯಲ್ಲಿ ಜ್ಯೂರಿ ಸದಸ್ಯರಾಗಬಹುದಾದವರ ಹಿನ್ನೆಲೆಯನ್ನು ಆರೋಪಿಯ ವಕೀಲರಿಗಾಗಿ ಶೋಧಿಸಿಕೊಟ್ಟದ್ದು ಇದೇ ಆಯೋಗ. ಅಂದರೆ ಕೊಲೆಯಾದವನ ಪರವಾಗಿ ಮೊಕದ್ದಮೆ ಹೂಡಿದ್ದೂ ರಾಜ್ಯ, ಕೊಲೆಗಾರನ ಬೆನ್ನಿಗೆ ನಿಂತಿದ್ದೂ ರಾಜ್ಯ. 1989ರಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆದ ಮೇಲೆ ಪ್ರಕರಣ ಮತ್ತೆ ತೆರೆಯಿತು. ಆಗ ಬಂದೂಕಿಗಾಗಿ ಹುಡುಕಾಡಿದರೆ, ತೀರಿಹೋಗಿದ್ದ ಒಬ್ಬ ನ್ಯಾಯಾಧೀಶರ ಮನೆಯಲ್ಲಿ ಅದು ಸಿಕ್ಕಿತು. ಅವರು ಅದನ್ನು ಹಳೆಯ ನೆನಪಿನ ವಸ್ತುವಿನಂತೆ ಇಟ್ಟುಕೊಂಡಿದ್ದರು. 1994ರ ಫೆಬ್ರವರಿಯಲ್ಲಿ ಬೆಕ್‌ವಿತ್‌ಗೆ ಜೀವಾವಧಿ ಶಿಕ್ಷೆಯಾಯಿತು, 2001ರಲ್ಲಿ ಅವನು ಸೆರೆಯಲ್ಲಿದ್ದಾಗಲೇ ಸತ್ತ. ಯಾರದೋ ಮನೆಯ ಅಟ್ಟದಲ್ಲೋ ಕಪಾಟಿನಲ್ಲೋ ಕಳೆದುಹೋಗಬಹುದಾಗಿದ್ದ ವಸ್ತು ಈಗ ಸರ್ಕಾರದ ಸ್ವತ್ತಾಗಿ ಎಲ್ಲರ ಕಣ್ಣೆದುರು ಇದೆ. ರಾಜ್ಯದ ವಸ್ತುಸಂಗ್ರಹಾಲಯ ಮಾಡಬೇಕಾದ ಕೆಲಸ ಇದೇ ಎಂದು ನನ್ನ ಅಭಿಪ್ರಾಯ. ಇಂಥವನ್ನು ಖಾಸಗಿ ಕಪಾಟುಗಳಿಂದ ಹೊರಗೆ ತರುವ ಶಕ್ತಿ ಸರ್ಕಾರಕ್ಕೆ ಇರುವಷ್ಟು ಬೇರೆ ಯಾರಿಗೂ ಇಲ್ಲ.

ಆದರೆ ಗಾಜಿನೊಳಗಿನ ಬಂದೂಕಿಗೆ ಒಂದು ಮಿತಿಯಿದೆ. ಅದು ಎತ್ತ ಗುರಿಯಿಟ್ಟಿತ್ತು ಎಂಬುದನ್ನು ಅದು ಹೇಳಲಾರದು.

ಅದನ್ನು ಹೇಳುವುದು ಅದೇ ಊರಿನ ಒಂದು ಮನೆ, ಎವರ್ಸ್ ಕುಟುಂಬ ವಾಸವಾಗಿದ್ದ ಮನೆ. ಆ ಬೀದಿಗೆ ಆಗ ಗೈನ್ಸ್ ಸ್ಟ್ರೀಟ್ ಎಂದು ಹೆಸರು. ಈಗ ಅದಕ್ಕೆ, ಅಲ್ಲೇ ವಾಸವಾಗಿದ್ದ ಕವಯಿತ್ರಿ ಮಾರ್ಗರೆಟ್ ವಾಕರ್ ಅಲೆಕ್ಸಾಂಡರ್ ಅವರ ಹೆಸರನ್ನು ಇಟ್ಟಿದ್ದಾರೆ. ಎರಡನೆಯ ಮಹಾಯುದ್ಧದ ನಂತರ ಮಧ್ಯಮ ವರ್ಗದ ಕಪ್ಪು ಕುಟುಂಬಗಳಿಗೆಂದೇ ರೂಪಿಸಿದ ಬಡಾವಣೆ ಅದು. ಒಂದೇ ಮಹಡಿಯ, ಮೂರು ಮಲಗುವ ಕೋಣೆಗಳ ಮನೆ. ನಮ್ಮ ಕಡೆಯ ಹೌಸಿಂಗ್ ಬೋರ್ಡ್ ಮನೆಗಳನ್ನು ಕಂಡವರಿಗೆ ಇದರ ಅಳತೆ ತಟ್ಟನೆ ಅರ್ಥವಾಗುತ್ತದೆ. ಒಂದು ವ್ಯತ್ಯಾಸ ಮಾತ್ರ ಹೊರಗಿನಿಂದಲೇ ಕಣ್ಣಿಗೆ ಬೀಳುತ್ತದೆ: ಮನೆಗೆ ಮುಂಬಾಗಿಲಿಲ್ಲ. ಬೀದಿಯ ಕಡೆಯಿಂದ ಯಾರೂ ನೇರವಾಗಿ ಗುರಿಯಿಡಲಾಗದಂತೆ, ಕಾರು ನಿಲ್ಲಿಸುವ ಪಕ್ಕದ ಚಾವಣಿಯ ಕೆಳಗಿನಿಂದ ಒಳಗೆ ಹೋಗುವ ಹಾಗೆ ದಂಪತಿಗಳು ಬಾಗಿಲು ಇಡಿಸಿಕೊಂಡಿದ್ದರು. ಮಕ್ಕಳ ಕೋಣೆಯ ಕಿಟಕಿಗಳು ಎತ್ತರದಲ್ಲಿವೆ, ಅವರ ಹಾಸಿಗೆಗಳು ಮಂಚವಿಲ್ಲದೆ ನೆಲದ ಮೇಲೇ ಇರುತ್ತಿದ್ದವು. ಹೊಸ ಮನೆ ಕಟ್ಟಿಸುವಾಗ ನಾವು ವಾಸ್ತು, ಗಾಳಿ, ಬೆಳಕು ಎಂದು ಲೆಕ್ಕ ಹಾಕುತ್ತೇವೆ. ಇವರು ಗುಂಡಿನ ದಾರಿಯನ್ನು ಲೆಕ್ಕ ಹಾಕಿದ್ದರು.

ಲೆಕ್ಕ ಸುಳ್ಳಾಗಿರಲಿಲ್ಲ. 1963ರ ಮೇ 28ರಂದು ಜಾಕ್ಸನ್ನಿನ ವೂಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ವಿದ್ಯಾರ್ಥಿಗಳು ಧರಣಿ ಕೂತು ಪೆಟ್ಟು ತಿಂದರು. ಅದೇ ದಿನಗಳಲ್ಲಿ ಈ ಮನೆಯ ಕಾರಿನ ಚಾವಣಿಯ ಕೆಳಗೆ ಬೆಂಕಿ ಬಾಂಬು ಬಿತ್ತು, ಮರ್ಲಿ ತೋಟದ ಪೈಪಿನಿಂದ ನೀರು ಹಾಯಿಸಿ ಅದನ್ನು ಆರಿಸಿದರು. ಜೂನ್ 11ರ ರಾತ್ರಿ ಅಧ್ಯಕ್ಷ ಕೆನಡಿ ನಾಗರಿಕ ಹಕ್ಕುಗಳ ಕಾಯಿದೆಯ ಅಗತ್ಯದ ಬಗ್ಗೆ ಟೀವಿಯಲ್ಲಿ ಮಾತಾಡಿದ್ದನ್ನು ಮಕ್ಕಳು ತಾಯಿಯೊಂದಿಗೆ ನೋಡಿ, ತಂದೆಗಾಗಿ ಎದ್ದಿದ್ದರು. ಜಿಮ್ ಕ್ರೋ ಎಂದು ಕರೆಸಿಕೊಳ್ಳುವ ಪ್ರತ್ಯೇಕತೆಯ ಕಾನೂನುಗಳು ತೊಲಗಲಿ ಎಂದು ಅಚ್ಚು ಹಾಕಿಸಿದ ಟೀಶರ್ಟುಗಳ ಕಟ್ಟು ಹಿಡಿದು ಎವರ್ಸ್ ಕಾರಿನಿಂದಿಳಿದರು. ಗುಂಡು ಅವರ ಬೆನ್ನಿನಿಂದ ಎದೆಯ ಮೂಲಕ ಹಾದು, ಮುಂದಿನ ಕೋಣೆಯ ಕಿಟಕಿ ಒಡೆದು, ಅಡುಗೆಮನೆಯ ಗೋಡೆಯನ್ನು ತೂರಿ, ಫ್ರಿಜ್ಜಿಗೆ ತಾಗಿ, ಅಡುಗೆ ಕಟ್ಟೆಯ ಮೇಲೆ ಬಿತ್ತು. ಸದ್ದು ಕೇಳಿದೊಡನೆ ಮಕ್ಕಳು, ತಂದೆಯೇ ಅಭ್ಯಾಸ ಮಾಡಿಸಿದ್ದಂತೆ, ನೆಲಕ್ಕೆ ಬಿದ್ದು ತೆವಳಿಕೊಂಡು ಸ್ನಾನದ ತೊಟ್ಟಿಯ ಕಡೆಗೆ ಹೋದರು.

ಗೋಡೆಯಲ್ಲಿ ಆ ತೂತು ಇಂದಿಗೂ ಇದೆ. ಮನೆಯೊಳಗೆ ನಿಂತರೆ ಕಾರು ನಿಲ್ಲಿಸುವ ಜಾಗದಿಂದ ಕಿಟಕಿ, ಕಿಟಕಿಯಿಂದ ಗೋಡೆ, ಗೋಡೆಯಿಂದ ಫ್ರಿಜ್ಜು, ಎಲ್ಲವೂ ನಾಲ್ಕು ಹೆಜ್ಜೆಯಲ್ಲಿ ಮುಗಿದುಹೋಗುವ ದೂರ. ವಸ್ತುಸಂಗ್ರಹಾಲಯದಲ್ಲಿ ಓದಿದ್ದ ‘ಹತ್ಯೆ’ ಎಂಬ ದೊಡ್ಡ ಮಾತು ಇಲ್ಲಿ ಅಡುಗೆಮನೆಯ ಅಗಲಕ್ಕೆ ಇಳಿಯುತ್ತದೆ. ಆ ಸಂಗ್ರಹಾಲಯ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ನೋಡುಗನನ್ನು ಕೈಹಿಡಿದು ನಡೆಸುತ್ತದೆ. ಯಾವುದನ್ನು ಮೊದಲು ನೋಡಬೇಕು, ಎಲ್ಲಿ ದುಃಖಿಸಬೇಕು, ಎಲ್ಲಿ ಭರವಸೆ ತಾಳಬೇಕು ಎಂದು ಬೆಳಕು, ಸದ್ದುಗಳ ಮೂಲಕ ಸೂಚಿಸುತ್ತಲೇ ಇರುತ್ತದೆ. ಮನೆಗೆ ಅಂಥ ಯೋಜನೆಯಿಲ್ಲ. ಮರ್ಲಿ ಈ ಮನೆಯನ್ನು 1993ರಲ್ಲಿ ಟೂಗಲೂ ಕಾಲೇಜಿಗೆ ಕೊಟ್ಟರು. 2020ರ ಡಿಸೆಂಬರಿನಿಂದ ಇದು ಮೆಡ್ಗರ್ ಮತ್ತು ಮರ್ಲಿ ಎವರ್ಸ್ ಮನೆ ರಾಷ್ಟ್ರೀಯ ಸ್ಮಾರಕವಾಗಿ ಕೇಂದ್ರ ಸರ್ಕಾರದ ಉದ್ಯಾನ ಇಲಾಖೆಯ ಸುಪರ್ದಿಯಲ್ಲಿದೆ. ಹೆಂಡತಿಯ ಹೆಸರನ್ನೂ ಸೇರಿಸಿದ್ದು ನ್ಯಾಯವಾದದ್ದು. ಮೂವತ್ತು ವರ್ಷ ಈ ಪ್ರಕರಣವನ್ನು ಸಾಯಲು ಬಿಡದೆ ಹಿಡಿದುಕೊಂಡು ಕೂತವರು ಅವರೇ.

ಜಾಕ್ಸನ್ನಿನಲ್ಲಿ ಪ್ರವಾಸಿಗಳು ಹೆಚ್ಚು ಇಷ್ಟಪಡುವ ಇನ್ನೊಂದು ಮನೆಯಿದೆ, ಲೇಖಕಿ ಯುಡೋರಾ ವೆಲ್ಟಿ ಅವರದು. 1925ರಲ್ಲಿ ಅವರ ತಂದೆತಾಯಿ ಕಟ್ಟಿಸಿದ ಮನೆಯಲ್ಲಿ 2001ರಲ್ಲಿ ತೀರಿಕೊಳ್ಳುವವರೆಗೂ ಅವರು ವಾಸವಾಗಿದ್ದರು. ಸೋಫಾದ ಮೇಲೂ ಪುಸ್ತಕ, ಊಟದ ಮೇಜಿನ ಮೇಲೂ ಪುಸ್ತಕ, ಹಿಂದೆ ತಾಯಿ ಬೆಳೆಸಿದ ತೋಟ. ಎವರ್ಸ್ ಕೊಲೆಯ ಸುದ್ದಿ ಕೇಳಿದಾಗ, ಕೊಲೆಗಾರ ಯಾರೆಂದು ಇನ್ನೂ ಗೊತ್ತಿಲ್ಲದಾಗಲೇ, ಅವನ ದನಿಯಲ್ಲೇ ಒಂದು ಕಥೆ ಬರೆದರು. ಅದು ಅಚ್ಚಾಗುವ ಮೊದಲೇ ಆರೋಪಿ ಸೆರೆಸಿಕ್ಕ. ಕಥೆಯ ವಿವರಗಳು ವಾಸ್ತವಕ್ಕೆ ತೀರ ಹತ್ತಿರವಾದ್ದರಿಂದ ಕೆಲವನ್ನು ಬದಲಿಸಬೇಕಾಯಿತು. ಈ ಎರಡು ಮನೆಗಳನ್ನು ಒಟ್ಟಿಗೆ ನೋಡುವ ಪ್ರವಾಸಿಗಳು ಕಡಿಮೆ ಎಂದು ನನ್ನ ಊಹೆ.

ನಮ್ಮಲ್ಲಿ ಮನೆ ಉಳಿಸುವುದೆಂದರೆ ಬಹುತೇಕ ವೆಲ್ಟಿ ಮಾದರಿಯದು. ಕುಪ್ಪಳಿಯ ಕವಿಮನೆ, ಮೈಸೂರಿನ ಯಾದವಗಿರಿಯ ಆರ್.ಕೆ. ನಾರಾಯಣ್ ಮನೆ, ಇವನ್ನು ಉಳಿಸಿಕೊಂಡದ್ದು ಒಳ್ಳೆಯ ಕೆಲಸವೇ. ಆದರೆ ನೋವಿನ ಮನೆಗಳ ಬಗ್ಗೆ ನಮಗೆ ಯೋಚನೆಯೇ ಇಲ್ಲ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನಾನು ನೋಡಿದ ನಮ್ಮ ಯಾವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೂ ಆ ಏಳು ಹೆಸರುಗಳು ಕಂಡಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿದೆ. ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ಹತ್ತನೆಯ ಶತಮಾನದಲ್ಲಿ ನಿಲ್ಲಿಸಿದ್ದು. ಸತ್ತವರಿಗೆ ಕಲ್ಲು ನಿಲ್ಲಿಸುವ ರೂಢಿ ಈ ನಾಡಿಗೆ ಹೊಸದೇನಲ್ಲ.

ಮಿಸಿಸಿಪ್ಪಿಯವರು ದೊಡ್ಡ ಮನಸ್ಸಿನವರು, ನಾವು ಸಣ್ಣವರು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಈ ವಸ್ತುಸಂಗ್ರಹಾಲಯ ತೆರೆದ ದಿನ ಗುಲಾಮಗಿರಿಯ ಪರವಾಗಿ ಕಾದಿದವರ ಲಾಂಛನ ರಾಜ್ಯದ ಬಾವುಟದಲ್ಲೇ ಇತ್ತು. 1894ರಿಂದ ಹಾರುತ್ತಿದ್ದ ಆ ಬಾವುಟವನ್ನು ಶಾಸಕಾಂಗ ಕೈಬಿಟ್ಟದ್ದು 2020ರ ಜೂನ್‌ನಲ್ಲಿ, ಅದೂ ಪೊಲೀಸರ ಕೈಯಲ್ಲಿ ಸತ್ತ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್‌ಗಾಗಿ ದೇಶವೆಲ್ಲ ಬೀದಿಗಿಳಿದ ಮೇಲೆ. ಇಳಿಸಿದ ಬಾವುಟಗಳನ್ನು ಮೆರವಣಿಗೆಯಲ್ಲಿ ಒಯ್ದು ಒಪ್ಪಿಸಿದ್ದು ಇದೇ ವಸ್ತುಸಂಗ್ರಹಾಲಯಕ್ಕೆ. ಸಂಗ್ರಹಾಲಯ ಮೊದಲೇ ಇದ್ದುದರಿಂದ ಹಳೆಯ ಬಾವುಟ ಹೋಗಿ ಸೇರಲು ಗೌರವದ ಒಂದು ಜಾಗವಿತ್ತು, ಅದನ್ನು ಇಳಿಸುವುದು ಆ ಮಟ್ಟಿಗೆ ಸುಲಭವಾಯಿತು ಎಂದು ನಾನು ನಂಬುತ್ತೇನೆ.

ಡಲ್ಲಾಸ್ ಅಥವಾ ಅಟ್ಲಾಂಟಾದ ಕಡೆಯ ಕನ್ನಡಿಗರು ಹೋಗುವುದಾದರೆ, ಕಾರಿನಲ್ಲಿ ಆರು ಗಂಟೆಯ ಆಸುಪಾಸು ಹಿಡಿಯುತ್ತದೆ. ವಸ್ತುಸಂಗ್ರಹಾಲಯವನ್ನು ಬೆಳಿಗ್ಗೆ, ಚರಿತ್ರೆಯ ಬಾಗಿಲಿನಿಂದಲೇ ಶುರುಮಾಡಿ ಎರಡನ್ನೂ ನೋಡಿ. ಮನೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಬಂದೂಕನ್ನು ನೋಡಿದ ಮೇಲೆಯೇ ಗೋಡೆಯನ್ನು ನೋಡಬೇಕು. ಮನೆಯೊಳಗೆ ಹೋಗಲು ಮುಂಚೆಯೇ ಸಮಯ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಅಕ್ಕಪಕ್ಕದ ಮನೆಗಳಲ್ಲಿ ಜನ ಇಂದಿಗೂ ವಾಸವಾಗಿದ್ದಾರೆ, ಅವರ ಅಂಗಳಕ್ಕೆ ಮೊಬೈಲು ತಿರುಗಿಸಬೇಡಿ.