ಸ್ಪಷ್ಟನೆ: ಕಾಲೇಜು ಆಟಗಾರರಿಗೆ ಅಮೆರಿಕದ ಸುಪ್ರೀಂ ಕೋರ್ಟ್ ಸಂಬಳ ಕೊಡಿಸಿಲ್ಲ

‘ಕಾಲೇಜು ಆಟಗಾರರಿಗೆಲ್ಲ ಸಂಬಳ ಕೊಡಿ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲೇ ಆದೇಶಿಸಿದೆ’ ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು.

ಆ ವರ್ಷ ತೀರ್ಪು ಬಂದ, ಮಾಜಿ ಕಾಲೇಜು ಆಟಗಾರ ಆಲ್‌ಸ್ಟನ್ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಇಷ್ಟೇ: ಲ್ಯಾಪ್‌ಟಾಪ್, ಇಂಟರ್ನ್‌ಶಿಪ್‌ನಂಥ ಓದಿನ ಸವಲತ್ತುಗಳಿಗೆ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎ ಮಿತಿ ಹೇರುವಂತಿಲ್ಲ. ಸಂಬಳದ ಪ್ರಶ್ನೆಯನ್ನು ಅವರು ತೀರ್ಮಾನಿಸಲೇ ಇಲ್ಲ. ಕಾಲೇಜುಗಳೇ ನೇರವಾಗಿ ಹಣ ಹಂಚುವ ದಾರಿ ತೆರೆದದ್ದು 2025ರ ಜೂನ್‌ನಲ್ಲಿ ಕೆಳ ನ್ಯಾಯಾಲಯವೊಂದು ಒಪ್ಪಿದ ‘ಹೌಸ್’ ರಾಜಿ ಒಪ್ಪಂದ (ಮೊಕದ್ದಮೆ ಹೂಡಿದ ಆಟಗಾರ ಗ್ರಾಂಟ್ ಹೌಸ್ ಹೆಸರಿನದು). ಮೊದಲ ವರ್ಷ ಒಂದು ಕಾಲೇಜಿಗೆ ಗರಿಷ್ಠ ಸುಮಾರು 2.05 ಕೋಟಿ ಡಾಲರ್. ಕೊಡಲೇಬೇಕೆಂಬ ಕಡ್ಡಾಯವೂ ಇಲ್ಲ.

ಬೆವರು ಸುರಿಸುವವರಿಗೆ ಪಾಲು ಸಿಗಲೇಬೇಕು, ನನ್ನ ನಿಲುವೂ ಅದೇ. ಆದರೆ ಮಕ್ಕಳನ್ನು ಅಲ್ಲಿಗೆ ಕಳಿಸುವ ಪೋಷಕರೇ, ಎಫ್-1 ವಿದ್ಯಾರ್ಥಿ ವೀಸಾದಲ್ಲಿ ದುಡಿಮೆಗೆ ಬಿಗಿ ನಿರ್ಬಂಧಗಳಿವೆ. ಈ ಸುದ್ದಿ ನಂಬಿ ಸಾಲ ಮಾಡಬೇಡಿ.